"ಯಾವ ಆಟದ ಸಾಮಾನ ತರಬೇಕ್ರಿ?"

ವಾರಕ್ಕೆ ನಾಲ್ಕೈದು ಸಲವಾದರೂ ಈ ಪ್ರಶ್ನೆ ನನಗೆ ಬರುತ್ತದೆ. ಕಲಬುರಗಿಯಲ್ಲಿ ಚಿಕ್ಕ ಮಕ್ಕಳಿಗೆ ಮಾತು ಕಲಿಸುವ ಕೆಲಸ ನನ್ನದು. ಸ್ಪೀಚ್ ಥೆರಪಿ ಅಂತಾರಲ್ಲ, ಅದು. ಜೇವರ್ಗಿ, ಆಳಂದ, ಚಿತ್ತಾಪುರದ ಕಡೆಯಿಂದ ಮಗುವನ್ನು ಎತ್ತಿಕೊಂಡು ಬಸ್ಸಿನಲ್ಲಿ ಬರುತ್ತಾರೆ. ಎಲ್ಲ ಮುಗಿಸಿ ಹೊರಡುವಾಗ ಬಾಗಿಲ ಹತ್ತಿರ ನಿಂತು ಕೇಳುತ್ತಾರೆ: "ಮೇಡಂ, ಇವ ಜಲ್ದಿ ಮಾತಾಡಬೇಕಂದ್ರ ಯಾವ ಆಟದ ಸಾಮಾನ ತರಬೇಕ್ರಿ?" ಮದುವೆಯಲ್ಲಿ ಸಿಕ್ಕ ನೆಂಟರೂ ಇದನ್ನೇ ಕೇಳುತ್ತಾರೆ. ಮೊನ್ನೆ ಸೂಪರ್ ಮಾರ್ಕೆಟ್‌ನಲ್ಲಿ ತರಕಾರಿ ತೂಗಿಸುತ್ತಿದ್ದೆ. ಒಬ್ಬ ತಾಯಿ ಗುರುತು ಹಿಡಿದು ಬಂದು, ಮೊಬೈಲ್‌ನಲ್ಲಿ ಒಂದು ಫೋಟೊ ತೋರಿಸಿದರು. ಬಟನ್ ಒತ್ತಿದರೆ ಎಬಿಸಿಡಿ ಹೇಳುತ್ತದೆ, ಹಾಡುತ್ತದೆ, ಲೈಟು ಹತ್ತುತ್ತದೆ. ಬೆಲೆ ಸಾವಿರದ ಮೇಲೆ. "ಇದು ತರ್ಲೇನ್ರಿ?"

ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಮಗು ಮಾತಾಡಬೇಕು ಅಂದರೆ ಸಾಮಾನು ಸುಮ್ಮನಿರಬೇಕು.

ಮಾತಾಡುವ ಸಾಮಾನು ಮನೆಗೆ ಬಂದಾಗ ಏನಾಗುತ್ತದೆ ಅಂತ ನಾನು ನನ್ನ ಮನೆಯಲ್ಲೇ ನೋಡಿದ್ದೇನೆ. ಮಗನಿಗೆ ಒಂದೂವರೆ ವರ್ಷ ಇದ್ದಾಗ ಅಂಥದ್ದೊಂದು ತಂದಿದ್ದೆ. ಅವನು ಬಟನ್ ಒತ್ತುತ್ತಿದ್ದ, ಅದು "ಎ ಫಾರ್ ಆ್ಯಪಲ್" ಅನ್ನುತ್ತಿತ್ತು. ಅವನು ಖುಷಿಯಾಗಿದ್ದ. ನಾನು ಪಕ್ಕದಲ್ಲೇ ಕೂತು ಬಟ್ಟೆ ಮಡಚುತ್ತಿದ್ದೆ. ಮೂರನೆಯ ದಿನ ನನಗೆ ಹೊಳೆಯಿತು: ಅದು ಮಾತಾಡುವಷ್ಟು ಹೊತ್ತೂ ನಾನು ಬಾಯಿ ಬಿಟ್ಟಿಲ್ಲ. ಅವನೂ ಬಿಟ್ಟಿಲ್ಲ. ಬೇರೆಯವರ ಮಕ್ಕಳಿಗೆ ಮಾತು ಕಲಿಸುವವಳ ಮನೆಯಲ್ಲೇ ಹೀಗೆ. ಅವತ್ತು ಬಹಳ ಬೇಜಾರಾಯಿತು.

ಇದು ನನ್ನೊಬ್ಬಳ ಅನುಭವ ಅಲ್ಲ. ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದವರು ಇದನ್ನೇ ಅಳೆದು ನೋಡಿ 2015ರ ಕೊನೆಯಲ್ಲಿ ಪ್ರಕಟಿಸಿದರು. 10ರಿಂದ 16 ತಿಂಗಳ 26 ಮಕ್ಕಳು, ಅವರವರ ಮನೆಯಲ್ಲೇ, ತಂದೆ ಅಥವಾ ತಾಯಿಯ ಜೊತೆ ಆಡುವಾಗ ಮಾತನ್ನು ರೆಕಾರ್ಡ್ ಮಾಡಿದರು. ಬ್ಯಾಟರಿ ಸಾಮಾನು ಕೊಟ್ಟಾಗ ದೊಡ್ಡವರು ನಿಮಿಷಕ್ಕೆ ಸುಮಾರು 40 ಪದ ಆಡಿದರು. ಮರದ ಪಜಲ್, ಬ್ಲಾಕ್ಸ್ ಕೊಟ್ಟಾಗ 56. ಚಿತ್ರದ ಪುಸ್ತಕ ಕೊಟ್ಟಾಗ 67. ಮಗುವಿನ ಸದ್ದಿಗೆ ದೊಡ್ಡವರು ಉತ್ತರ ಕೊಡುವುದೂ ಬ್ಯಾಟರಿ ಸಾಮಾನಿನ ಜೊತೆ ಕಡಿಮೆಯಾಯಿತು. ಸಣ್ಣ ಅಧ್ಯಯನ, ನಿಜ. ಆದರೆ ನಾನು ದಿನಾ ನೋಡುವುದಕ್ಕೂ ಅದಕ್ಕೂ ಏನೂ ವ್ಯತ್ಯಾಸ ಇಲ್ಲ. ನನ್ನ ಹತ್ತಿರ ಬರುವ ಎಷ್ಟೋ ಮಕ್ಕಳು ಎಬಿಸಿಡಿ ಪೂರ್ತಿ ಹೇಳುತ್ತವೆ. ಬಾಯಾರಿದರೆ "ನೀರು" ಅನ್ನಲು ಬರುವುದಿಲ್ಲ. ಅಮ್ಮನ ಕೈ ಹಿಡಿದು ನೀರಿನ ಕೊಡದ ಕಡೆಗೆ ಎಳೆಯುತ್ತವೆ.

ಬಣ್ಣ, ಅಂಕಿ, ಅಕ್ಷರ ಇವಕ್ಕೆ ಎರಡು ವರ್ಷದ ಮಗುವಿಗೆ ಅವಸರ ಇಲ್ಲ. ಆ ವಯಸ್ಸಿಗೆ ಬೇಕಾದ ಪದಗಳೇ ಬೇರೆ. ಬೇಕು, ಬೇಡ, ಕೊಡು, ಬಾ, ಇನ್ನಷ್ಟು, ಬಿತ್ತು, ಆಯ್ತು. ಯಾವ ಸಾಮಾನಿನ ಜೊತೆ ಆಡುವಾಗ ಈ ಪದಗಳು ತಾವಾಗಿ ಬಾಯಿಗೆ ಬರುತ್ತವೋ ಅದು ಒಳ್ಳೆಯ ಸಾಮಾನು. ಅಂಗಡಿಯಲ್ಲಿ ನಿಂತಾಗ ಹೀಗೆ ಯೋಚಿಸಿ: ಇದನ್ನಿಟ್ಟುಕೊಂಡು ನಾನು ಮಗುವಿನ ಜೊತೆ ಏನೇನು ಮಾತಾಡಬಹುದು? ಹತ್ತು ಮಾತು ಹೊಳೆದರೆ ತನ್ನಿ. "ಬಟನ್ ಒತ್ತು" ಒಂದೇ ಹೊಳೆದರೆ ಬಿಡಿ.

ಸ್ವಲ್ಪ ದಿನದ ಹಿಂದೆ ಒಂದು ಮನೆಯವರು ನನಗೊಂದು ವಿಡಿಯೊ ಕಳಿಸಿದರು. ಮನೆಯಲ್ಲಿ ಮಗು ಹೇಗೆ ಆಡುತ್ತದೆ ಅಂತ ತೋರಿಸಿ ಅಂದಿದ್ದೆ. ಹೊಸ ಸಾಮಾನು ಯಾವುದೂ ಅದರಲ್ಲಿ ಇರಲಿಲ್ಲ. ಅಡುಗೆಮನೆ, ಸಂಜೆ ಹೊತ್ತು. ಆಯಿ ಜೋಳದ ರೊಟ್ಟಿ ಬಡಿಯುತ್ತಿದ್ದಾರೆ. ಸುಮಾರು ಇಪ್ಪತ್ತೆರಡು ತಿಂಗಳ ಮೊಮ್ಮಗಳು ಒಲೆಯಿಂದ ದೂರ, ಪರಾತದ ಈ ಕಡೆ ಕೂತಿದ್ದಾಳೆ. ಆಯಿ ನಿಂಬೆಹಣ್ಣಿನಷ್ಟು ಹಿಟ್ಟು ತೆಗೆದು, ಆರಿದೆಯಾ ಅಂತ ತಮ್ಮ ಅಂಗೈಯಲ್ಲಿ ನೋಡಿ, ಉಂಡೆ ಮಾಡಿ ಅವಳ ಮುಂದೆ ಇಟ್ಟರು. ಅವಳು ಅದರ ಮೇಲೆ ಅಂಗೈ ಬಡಿದಳು. "ಬಡಿ, ಬಡಿ" ಅಂದರು ಆಯಿ. ಅವಳು ಇನ್ನೊಮ್ಮೆ ಬಡಿದಳು. ಹಿಟ್ಟು ಕೈಗೆ ಅಂಟಿಕೊಂಡಿತು. ಅವಳು ಅದನ್ನೇ ನೋಡುತ್ತಾ ಕೂತಳು. ಆಮೇಲೆ ಆಯಿ ಮಾಡಿದ ಕೆಲಸ ನೋಡಿ. ತಾವು ಬಡಿಯುವುದನ್ನು ನಿಲ್ಲಿಸಿದರು. ಏನೂ ಅನ್ನಲಿಲ್ಲ. ಮೊಮ್ಮಗಳ ಮುಖ ನೋಡುತ್ತಾ ಕಾದರು. ವಿಡಿಯೊದಲ್ಲಿ ಆರೇಳು ಸೆಕೆಂಡು ಬರೀ ಒಲೆಯ ಸದ್ದು. ಮಗು ಆಯಿಯ ಕೈ ನೋಡಿತು, ಮುಖ ನೋಡಿತು, "ಬಯಿ" ಅಂತು. "ಹೌದವ್ವಾ, ರೊಟ್ಟಿ ಬಡಿ!" ಅಂತ ಆಯಿ ಮತ್ತೆ ಶುರು ಮಾಡಿದರು.

ನಾವು ಕಾಲೇಜಿನಲ್ಲಿ ವರ್ಷಗಟ್ಟಲೆ ಕಲಿತದ್ದು ಇದನ್ನೇ. ಮಗು ಏನು ಮಾಡುತ್ತಿದೆಯೋ ಅದರ ಬಗ್ಗೆ ಮಾತಾಡುವುದು. ಆಮೇಲೆ ಸುಮ್ಮನಿದ್ದು ಮಗುವಿಗೆ ಹೊತ್ತು ಕೊಡುವುದು. ಮಗು ಒಂದು ಪದ ಅಂದರೆ ಅದಕ್ಕೆ ಇನ್ನೊಂದು ಪದ ಸೇರಿಸಿ ತಿರುಗಿ ಹೇಳುವುದು. "ಬಯಿ" ತಪ್ಪು, "ಬಡಿ" ಅನ್ನು ಅಂತ ಆಯಿ ತಿದ್ದಲಿಲ್ಲ. ಸರಿಯಾದ ಪದವನ್ನು ತಾವೇ ಅಂದು ಆಟ ಮುಂದುವರಿಸಿದರು. ಮನಸ್ಸಿನಲ್ಲೇ ಐದು ಎಣಿಸುವಷ್ಟು ಕಾಯಿರಿ ಅಂತ ಎಲ್ಲ ತಂದೆ-ತಾಯಿಗೂ ಹೇಳುತ್ತೇನೆ. ಅದೇ ಬಹಳ ಕಷ್ಟದ ಕೆಲಸ. ನಾವು ಎರಡಕ್ಕೇ ಬಾಯಿ ಹಾಕುತ್ತೇವೆ. ಇನ್ನು ಕೆಲವರು "ಇದೇನು? ಇದೇನು?" ಅಂತ ಪರೀಕ್ಷೆ ಶುರು ಮಾಡುತ್ತಾರೆ. ಮಗು ಮುಖ ತಿರುಗಿಸುತ್ತದೆ.

ಹಾಗಾದರೆ ಏನೂ ಕೊಳ್ಳಬಾರದಾ? ಹಾಗಲ್ಲ. ಆರು ತಿಂಗಳವರೆಗೆ ನಿಮ್ಮ ಮುಖ, ದನಿ, ಒಂದು ಗಿಲಕಿ ಸಾಕು. ಕೂರಲು ಬಂದ ಮೇಲೆ ಸ್ಟೀಲ್ ಡಬ್ಬಿ, ಬಟ್ಟಲು, ಮುಚ್ಚಳ ಕೊಡಿ. ಹಾಕುವುದು, ತೆಗೆಯುವುದು, ಒಂದರೊಳಗೆ ಒಂದು ಇಡುವುದು. ಒಳಗೆ, ಹೊರಗೆ, ದೊಡ್ಡದು, ಸಣ್ಣದು ಎಲ್ಲವೂ ಅಲ್ಲಿಂದಲೇ ಬರುತ್ತವೆ. ಸದ್ದಾಗುತ್ತದೆ, ತಡೆದುಕೊಳ್ಳಬೇಕು. ನಡೆಯಲು ಶುರು ಮಾಡಿದ ಮೇಲೆ ತಳ್ಳುವ, ಎಳೆಯುವ ಬಂಡಿ ಒಳ್ಳೆಯದು. ಮಗುವನ್ನು ಒಳಗೆ ಕೂರಿಸುವ ವಾಕರ್ ಬೇಡ. ಅದರಿಂದ ನಡಿಗೆ ಬೇಗ ಬರುವುದಿಲ್ಲ, ಮೆಟ್ಟಿಲ ಮೇಲಿಂದ ಬೀಳುವ ಮಕ್ಕಳು ಜಾಸ್ತಿ. ಕೆನಡಾದಲ್ಲಿ 2004ರಿಂದ ಅದನ್ನು ಮಾರುವುದಕ್ಕೇ ನಿಷೇಧ ಇದೆ.

ಒಂದೂವರೆ ವರ್ಷದ ಹೊತ್ತಿಗೆ ಒಂದು ಗೊಂಬೆ ಇರಲಿ. "ಗಂಡಹುಡಗನಿಗೆ ಗೊಂಬಿ ಯಾಕ್ರಿ?" ಅಂತ ಅಪ್ಪಂದಿರು ಕೇಳುತ್ತಾರೆ. ಗೊಂಬೆಗೆ ಉಣಿಸುವುದು, ನೀರು ಕುಡಿಸುವುದು, ಮಲಗಿಸಿ ತಟ್ಟುವುದು, ಇವೆಲ್ಲ ಸುಳ್ಳುಸುಳ್ಳೇ ಆಡುವ ಆಟ. ಖಾಲಿ ಬಟ್ಟಲಿನಲ್ಲಿ ಅನ್ನ ಇದೆ ಅಂತ ಮಗು ಅಂದುಕೊಳ್ಳುತ್ತದೆ. ಎದುರಿಗೆ ಇಲ್ಲದ್ದನ್ನು ಮನಸ್ಸಿನಲ್ಲಿ ಇದೆ ಅಂದುಕೊಳ್ಳುವುದು ಬಂದ ಮಗುವಿಗೆ ಪದವೂ ಬೇಗ ಹತ್ತುತ್ತದೆ. "ಆನೆ" ಅನ್ನುವ ಪದದಲ್ಲಿ ಆನೆ ಎಲ್ಲಿದೆ, ಹೇಳಿ? ಈ ಆಟ ಗಂಡು ಮಗುವಿಗೂ ಹೆಣ್ಣು ಮಗುವಿಗೂ ಅಷ್ಟೇ ಬೇಕು.

ಮೂರು ದಾಟಿದ ಮಕ್ಕಳಿಗೆ ನನಗೆ ತುಂಬಾ ಇಷ್ಟವಾದದ್ದು ಬಸ್ಸಿನ ಆಟ. ನಾಲ್ಕು ಕುರ್ಚಿ ಸಾಲಾಗಿ ಇಡಿ. ಹಳೆ ಟಿಕೆಟ್ ಇದ್ದರೆ ಕೊಡಿ. ಮಗು ಕಂಡಕ್ಟರ್, ನೀವು ಪ್ಯಾಸೆಂಜರ್. "ಎಲ್ಲಿಗ್ರಿ?" "ಗಾಣಗಾಪುರಕ್ಕ ಎರಡು ಕೊಡ್ರಿ." "ಚಿಲ್ಲರಿ ಕೊಡ್ರಿ." ನಮ್ಮ ಊರಿನ ಮಕ್ಕಳು ಬಸ್ಸು ನೋಡಿಯೇ ಬೆಳೆಯುತ್ತವೆ, ಹೇಳಿಕೊಡುವುದೇ ಬೇಡ. ಮಾತಾಡಲು ನಾಚುವ ಮಗು ಕೂಡ ಕಂಡಕ್ಟರ್ ಆದ ಕೂಡಲೇ ದನಿ ಎತ್ತುತ್ತದೆ.

ಇನ್ನು ಮಣ್ಣು. ಮಣ್ಣೆತ್ತಿನ ಅಮಾವಾಸ್ಯೆ ನಮ್ಮ ಕಡೆಯ ಮಕ್ಕಳಿಗೆ ಸಿಕ್ಕ ಭಾಗ್ಯ ಅಂತಲೇ ನಾನು ಹೇಳುವುದು. ಕಾರಹುಣ್ಣಿಮೆ ಆದ ಮೇಲೆ ಬರುತ್ತದಲ್ಲ, ಆ ಅಮಾವಾಸ್ಯೆ. ಎರೆ ಮಣ್ಣು ತಂದು, ನೀರು ಹಾಕಿ, ಹದ ಮಾಡಿ ಎತ್ತು ಮಾಡುವಾಗ ಮಗುವಿನ ಹತ್ತು ಬೆರಳೂ ಕೆಲಸ ಮಾಡುತ್ತವೆ. ಹಿಚುಕು, ಉರುಳಿಸು, ಚಿವುಟು, ಅಂಟಿಸು. ಮುಂದೆ ಪೆನ್ಸಿಲ್ ಹಿಡಿಯುವ ಬೆರಳಿಗೆ ಬಲ ಬರುವುದು ಹೀಗೇ. ಮಾತಿಗಂತೂ ಕೊನೆಯೇ ಇಲ್ಲ. ಕೊಂಬು ಎಲ್ಲಿ ಇಡೋಣ? ಕಾಲು ಮುರೀತು, ಈಗ ಏನು ಮಾಡೋಣ? ಇದಕ್ಕೆ ಹಸಿವಾಗಿದೆಯಾ? ಈಗ ಪೇಟೆಯಲ್ಲಿ ಮಾಡಿಟ್ಟ ಎತ್ತು ಜೋಡಿಗಟ್ಟಲೆ ಸಿಗುತ್ತವೆ. ಪೂಜೆಗೆ ಅವನ್ನೇ ತನ್ನಿ, ಬೇಡ ಅನ್ನುವುದಿಲ್ಲ. ಜೊತೆಗೆ ಒಂದು ಮುಷ್ಟಿ ಹಸಿ ಮಣ್ಣು ಮಗುವಿನ ಕೈಗೂ ಸಿಗಲಿ. ಎತ್ತು ಎತ್ತಿನ ಹಾಗೆ ಕಾಣದಿದ್ದರೂ ನಡೆಯುತ್ತದೆ. ಕಣ್ಣಿಗೆ ಗುಲಗಂಜಿ ಮಾತ್ರ ಬೇಡ. ಆ ಬೀಜ ವಿಷ. ದೊಡ್ಡವರೇ ಜೋಳದ ಕಾಳು ಒತ್ತಿಬಿಡಿ.

ಪುಸ್ತಕವನ್ನೂ ನಾನು ಆಟದ ಸಾಮಾನಿನ ಜೊತೆಗೇ ಲೆಕ್ಕ ಹಾಕುತ್ತೇನೆ. ಪ್ರಥಮ್ ಬುಕ್ಸ್‌ನವರ ಕನ್ನಡ ಚಿತ್ರಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತವೆ. ಓದಲೇಬೇಕು ಅಂತೇನಿಲ್ಲ. ಚಿತ್ರ ನೋಡಿ ನಿಮ್ಮದೇ ಕಥೆ ಹೇಳಿ. ಅಕ್ಷರ ಬಾರದ ಆಯಿ, ಮುತ್ಯಾ ಕೂಡ ಇದನ್ನು ಚೆನ್ನಾಗಿ ಮಾಡುತ್ತಾರೆ.

ಯಾವ ಭಾಷೆಯಲ್ಲಿ? ಇದು ಆಟಿಕೆಯ ಪ್ರಶ್ನೆಯ ಬೆನ್ನಿಗೇ ಬರುವ ಪ್ರಶ್ನೆ. ನಮ್ಮ ಊರಿನಲ್ಲಿ ಒಂದು ಓಣಿಯಲ್ಲಿ ಕನ್ನಡ, ಮುಂದಿನ ಓಣಿಯಲ್ಲಿ ದಖ್ಖನಿ ಉರ್ದು, ಸ್ವಲ್ಪ ದೂರಕ್ಕೆ ಮರಾಠಿ, ತೆಲುಗು, ತಾಂಡಾದಲ್ಲಿ ಲಂಬಾಣಿ. "ಎರಡೆರಡು ಭಾಷಾ ಕೇಳಿ ಇವನಿಗೆ ಕನ್ಫ್ಯೂಜ್ ಆಗ್ಯಾದೇನ್ರಿ?" ಅಂತ ಹೆದರುತ್ತಾರೆ. ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ. ಜೋಗುಳ ಹಾಡುವ, ಸಿಟ್ಟು ಮಾಡುವ, ಮುದ್ದು ಮಾಡುವ ಭಾಷೆ ಯಾವುದೋ ಅದರಲ್ಲೇ ಆಡಿಸಿ. ಇಂಗ್ಲಿಷ್ ಶಾಲೆಗೆ ಹಾಕಬೇಕು ಅಂತ ಈಗಲೇ ಬರೀ "ಕಮ್, ಸಿಟ್, ಈಟ್" ಅನ್ನಬೇಡಿ. ನಿಮ್ಮ ಬಾಯಲ್ಲಿ ಪೂರ್ತಿ ವಾಕ್ಯ ಬರುವ ಭಾಷೆ ಮಗುವಿಗೆ ಬೇಕು.

ಮೊಬೈಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ವರ್ಷದೊಳಗೆ ಸ್ಕ್ರೀನ್ ಬೇಡ ಅಂತ ಭಾರತದ ಮಕ್ಕಳ ವೈದ್ಯರ ಸಂಘವೂ ಹೇಳಿದೆ. ಊರಲ್ಲಿರುವ ಅಜ್ಜಿಗೆ ವಿಡಿಯೊ ಕಾಲ್ ಮಾಡುವುದು ಬೇರೆ ಮಾತು.

ಎಷ್ಟು ಸಾಮಾನು ಬೇಕು ಅಂದರೆ, ಕಡಿಮೆ. ಹೋಳಿ ಆದ ಮೇಲೆ ಶರಣಬಸವೇಶ್ವರ ಜಾತ್ರೆಗೆ ಹೋದವರು ಬುಟ್ಟಿ ತುಂಬ ತರುತ್ತಾರೆ. ತನ್ನಿ, ಆದರೆ ಎಲ್ಲ ಒಟ್ಟಿಗೆ ಮುಂದೆ ಸುರಿಯಬೇಡಿ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು ಪುಟ್ಟ ಮಕ್ಕಳ ಮುಂದೆ ಒಮ್ಮೆ 4 ಸಾಮಾನು, ಇನ್ನೊಮ್ಮೆ 16 ಸಾಮಾನು ಇಟ್ಟು ನೋಡಿದ್ದಾರೆ. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಜಾಸ್ತಿ ಹೊತ್ತು, ಜಾಸ್ತಿ ಬಗೆಯಲ್ಲಿ ಆಡಿದರು. ಉಳಿದದ್ದನ್ನು ಅಟ್ಟದ ಮೇಲಿಟ್ಟು ಹದಿನೈದು ದಿನಕ್ಕೊಮ್ಮೆ ಬದಲಿಸಿ. ಹಳೆಯದೇ ಹೊಸದಾಗುತ್ತದೆ.

ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. 2021ರ ಜನವರಿ 1ರಿಂದ ಆಟಿಕೆಗಳಿಗೆ ಅದು ಕಡ್ಡಾಯ. ಚನ್ನಪಟ್ಟಣದ ಮರದ ಗೊಂಬೆಯಂಥ, ಜಿಐ (ಊರಿನ ಹೆಸರಿನ ಸರ್ಕಾರಿ ನೋಂದಣಿ) ಪಡೆದ ಕರಕುಶಲ ಸಾಮಾನಿಗೆ ವಿನಾಯಿತಿ ಇದೆ, ಅದರ ಮೇಲೆ ಗುರುತು ಇಲ್ಲದಿದ್ದರೆ ಗಾಬರಿ ಬೇಡ. ಮೂರು ವರ್ಷದೊಳಗಿನ ಮಗುವಿಗೆ ಬಾಯೊಳಗೆ ಪೂರ್ತಿ ಹೋಗುವಷ್ಟು ಸಣ್ಣ ಸಾಮಾನು ಯಾವುದೂ ಬೇಡ. ನಮ್ಮಲ್ಲಿ ಶೇಂಗಾ, ತೊಗರಿ, ಕಡಲೆ ಎಲ್ಲೆಂದರಲ್ಲಿ ಬಿದ್ದಿರುತ್ತವೆ. ಮಕ್ಕಳು ಮೂಗಿಗೂ ಹಾಕಿಕೊಳ್ಳುತ್ತಾರೆ. ಒಡೆದ ಬಲೂನಿನ ಚೂರು ಕೂಡಲೇ ಎತ್ತಿಬಿಡಿ. ಎಲ್ಲಕ್ಕಿಂತ ಅಪಾಯ ಗುಂಡಿಯಂಥ ಸಣ್ಣ ಬ್ಯಾಟರಿ. ಮಗು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು. ನುಂಗಿದೆ ಅಂತ ಅನುಮಾನ ಬಂದರೂ ಸಾಕು, ಕಾಯಬೇಡಿ, ಆಸ್ಪತ್ರೆಗೆ ಓಡಿ.

ಕೊನೆಯದಾಗಿ, ನಾನು ಆಟದ ಸಾಮಾನಿನ ಹೆಸರನ್ನೇ ಹೇಳದ ಸಂದರ್ಭವೂ ಇದೆ. ವರ್ಷ ತುಂಬಿದರೂ ಹೆಸರು ಕರೆದರೆ ತಿರುಗಿ ನೋಡದ ಮಗು. ಒಂದೂವರೆ ವರ್ಷಕ್ಕೂ ಒಂದು ಪದ ಆಡದ ಮಗು. ಎರಡು ವರ್ಷಕ್ಕೆ "ಅಮ್ಮ ಬಾ" ಅಂತ ಎರಡು ಪದ ಸೇರಿಸದ ಮಗು. ಮೊದಲು ಆಡುತ್ತಿದ್ದ ಮಾತು ಈಗ ನಿಂತುಹೋದ ಮಗು. "ಗಂಡಹುಡುಗ್ರು ತಡಾನೇ ಮಾತಾಡ್ತಾರ, ಇವರಪ್ಪನೂ ಹಂಗೇ ಇದ್ದ" ಅಂತ ಮನೆಯವರು ಸಮಾಧಾನ ಹೇಳುತ್ತಾರೆ. ದಯವಿಟ್ಟು ಕಾಯಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಹುಟ್ಟಿದ ಮಗುವಿಗೂ ಆ ಪರೀಕ್ಷೆ ಮಾಡಬಹುದು, ನೋವಾಗುವುದಿಲ್ಲ. ಹಳ್ಳಿಯಲ್ಲಿದ್ದರೆ ಅಂಗನವಾಡಿ ಅಕ್ಕನಿಗೆ ಹೇಳಿ. ಮಕ್ಕಳನ್ನು ನೋಡಲು ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ ಯೋಜನೆಯ, ಅಂದರೆ ಆರ್‌ಬಿಎಸ್‌ಕೆ ವೈದ್ಯರ ತಂಡ ಅಲ್ಲಿಗೇ ಬರುತ್ತದೆ, ಮುಂದೆ ಎಲ್ಲಿಗೆ ಹೋಗಬೇಕು ಅಂತ ಚೀಟಿ ಬರೆದುಕೊಡುತ್ತಾರೆ. ಆ ಚೀಟಿ ಹಿಡಿದುಕೊಂಡು ಅದೇ ವಾರ ಹೊರಡಿ. ಸಾಮಾನು ಆಮೇಲೆ ತರೋಣ.