ಮೀಟರ್ ಗೇಜ್ ಗೂಡ್ಸ್ ಡಬ್ಬಿ: ರಿವೆಟ್ಟು, ತಳ, ಒಂದು ಲೇಬಲ್ಲು

ಹಾಸನ, 14 ಜುಲೈ 2024, ಭಾನುವಾರ

ಬೆಳಿಗ್ಗೆಯಿಂದ ಜಡಿಮಳೆ. ಈ ತಂಡಿಯಲ್ಲಿ ಬಣ್ಣ ಹೊಡೆದರೆ ಮಂಕಾಗಿ ಕೂರುತ್ತದೆ. ಹಾಗಾಗಿ ಇವತ್ತು ನನ್ನ ಮಾಡೆಲ್ ರೈಲು ಡಬ್ಬಿಯ ಗೋಡೆ ಮತ್ತು ತಳದ ಕೆಲಸ ಹಿಡಿದೆ.

ನಾನು ಮಾಡುತ್ತಿರುವುದು ನಾಲ್ಕು ಚಕ್ರದ ಹಳೇ ಮುಚ್ಚಿದ ವ್ಯಾಗನ್, 1:87 ಅಳತೆಯಲ್ಲಿ. ಅಂದರೆ ನಿಜವಾದ ಒಂದು ಅಡಿ ಇಲ್ಲಿ 3.5 ಮಿಲಿಮೀಟರ್. ಜರ್ಮನಿಯ, ಅಮೆರಿಕದ ಗಾಡಿಗಳ ಮಾಡೆಲ್ ದುಡ್ಡು ಕೊಟ್ಟರೆ ಸಿಗುತ್ತವೆ. ಅರಸೀಕೆರೆ, ಹಾಸನ, ಮೈಸೂರು ಅಂತ ಓಡಾಡಿದ ಮೀಟರ್ ಗೇಜ್ (ಹಳಿಗಳ ನಡುವೆ ಒಂದು ಮೀಟರ್ ಅಂತರದ) ಡಬ್ಬಿ ಬೇಕು ಅಂದರೆ ನಾವೇ ಕೂತು ಮಾಡಬೇಕು. ಸಕಲೇಶಪುರದ ಘಾಟಿ ಇಳಿದು ಮಂಗಳೂರಿಗೆ ಹೋಗುವ ಮೀಟರ್ ಗೇಜ್ ದಾರಿ ಪೂರ್ತಿಯಾಗಿದ್ದು 1979ರಲ್ಲಿ. ಈಗ ಎಲ್ಲಾ ಅದಕ್ಕಿಂತ ಅಗಲದ ಬ್ರಾಡ್ ಗೇಜ್. ಆ ಡಬ್ಬಿಗಳ ಜೊತೆ ಕೆಲಸ ಮಾಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ಕೇಳಿ ಮಾಡುವುದಾದರೆ ಈಗಲೇ ಮಾಡಬೇಕು, ಅದಕ್ಕೇ ನನಗೆ ಈ ಅವಸರ.

ಅಳತೆ ಸಿಕ್ಕಿದ್ದು ಒಂದು ತೋಟದಲ್ಲಿ. ಚಕ್ರ ಕಳಚಿದ ಡಬ್ಬಿಯೊಂದು ಅಲ್ಲಿ ಗೊಬ್ಬರದ ಚೀಲ ಇಡೋ ಕೋಣೆಯಾಗಿದೆ. ಟೇಪು ಹಿಡಿದರೆ ಹತ್ತಿರ ಹತ್ತಿರ 20 ಅಡಿ ಉದ್ದ. ಚಕ್ರಗಳ ನಡುವಿನ ದೂರ ಮಾತ್ರ ಅದರಲ್ಲಿ ಸಿಗಲಿಲ್ಲ. ಗೂಡ್ಸ್ ಗಾರ್ಡ್ ಆಗಿದ್ದ ನಮ್ಮ ಸೋದರಮಾವನ ಹತ್ತಿರ ಒಂದು ಹಳೇ ಫೋಟೋ ಇತ್ತು. ಅದರಲ್ಲಿ ಅಂಥದ್ದೇ ಡಬ್ಬಿ ಪಕ್ಕದಿಂದ ನೆಟ್ಟಗೆ ಕಾಣುತ್ತದೆ. ಉದ್ದ ಗೊತ್ತಿರುವುದರಿಂದ ಉಳಿದದ್ದೆಲ್ಲ ತ್ರೈರಾಶಿ ಲೆಕ್ಕ.

ಗೋಡೆಗೆ 0.25 ಮಿಲಿಮೀಟರಿನ ಸ್ಟೈರೀನ್ ಎಂಬ ಪ್ಲಾಸ್ಟಿಕ್ ಹಾಳೆ. ಮೂಲದಲ್ಲಿ ಸುಮಾರು 4 ಇಂಚಿಗೊಂದು ರಿವೆಟ್ (ತಗಡು ಜೋಡಿಸುವ ಗುಂಡು ತಲೆಯ ಮೊಳೆ), ನನ್ನ ಹಾಳೆಯಲ್ಲಿ 1.2 ಮಿಲಿಮೀಟರಿಗೊಂದು ಚುಕ್ಕಿ. ಹಾಳೆಯ ಹಿಂಬದಿಗೆ ಗ್ರಾಫ್ ಪೇಪರ್ ಅಂಟಿಸಿ, ಸ್ಟೀಲ್ ಸ್ಕೇಲ್ ಒತ್ತಿಟ್ಟು, ಸೂಜಿಯಿಂದ ಒಂದೊಂದನ್ನೇ ಒತ್ತಬೇಕು. ಮುಂಬದಿಯಲ್ಲಿ ಸಣ್ಣ ಗುಬುಟು ಏಳುತ್ತದೆ. ಕೈಯ ಭಾರ ಒಂದೇ ಸಮ ಇರಬೇಕು. ಸಾಲು ಮುಗಿದ ಮೇಲೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದೆ. ಪ್ರತಿ ಗುಬುಟಿನ ಪಕ್ಕ ಚೂರು ನೆರಳು ಬಿತ್ತು, ಪ್ಲಾಸ್ಟಿಕ್ ಹೋಗಿ ತಗಡಾಯಿತು! ಇದೊಂದು ಖುಷಿಗೆ ಎಷ್ಟು ಹೊತ್ತು ಬೇಕಾದರೂ ಕೂರಬಹುದು.

ಬಾಗಿಲ ಚಿಲಕಕ್ಕೆ, ಹಿಡಿಗೆ ಬಿ.ಎಂ. ರಸ್ತೆಯ ಕಡೆ ಮೋಟಾರ್ ರಿವೈಂಡಿಂಗ್ ಅಂಗಡಿಯಿಂದ ತಂದ 32 ಗೇಜ್ ತಾಮ್ರದ ತಂತಿ. ದಪ್ಪ 0.27 ಮಿಲಿಮೀಟರ್, ನಮ್ಮ ಅಳತೆಯಲ್ಲಿ ಹತ್ತಿರ ಹತ್ತಿರ ಒಂದಿಂಚಿನ ಸರಳು. ಮೇಲಿನ ವಾರ್ನಿಷ್ ಕೆರೆದರೆ ಅಂಟು ಚೆನ್ನಾಗಿ ಹಿಡಿಯುತ್ತದೆ.

ತಳಕ್ಕೆ ಒಂದು ತೂತು ಬಿಡಲೇಬೇಕು. ಸ್ಟೈರೀನ್ ಅಂಟಿನ ಆವಿ ಮುಚ್ಚಿದ ಡಬ್ಬಿಯೊಳಗೆ ಸಿಕ್ಕಿಕೊಂಡರೆ ತಿಂಗಳು ಕಳೆದ ಮೇಲೆ ಗೋಡೆ ಸೊಟ್ಟಗಾಗುತ್ತದೆ.

ಚಕ್ರ ಮಾತ್ರ ಕೊಂಡದ್ದು, 12 ಮಿಲಿಮೀಟರ್ ಅಂತರದ ಹಳಿಗೆ ಹೊಂದುವಂಥವು. ನಾಲ್ಕು ಚಕ್ರದ ಡಬ್ಬಿಯ ಕಷ್ಟ ಏನೆಂದರೆ, ಹಳಿ ಕೂದಲಷ್ಟು ಏರುಪೇರಾದರೂ ಒಂದು ಚಕ್ರ ಗಾಳಿಯಲ್ಲಿ ನಿಲ್ಲುತ್ತದೆ. ತಿರುವಿನಲ್ಲಿ ಅದೇ ಚಕ್ರ ಹಳಿ ಬಿಡುತ್ತದೆ. ಅದಕ್ಕೆ ಒಂದು ಜೋಡಿ ಚಕ್ರದ ಅಚ್ಚನ್ನು ತಳಕ್ಕೆ ಗಟ್ಟಿಯಾಗಿ ಕೂರಿಸಿ, ಇನ್ನೊಂದನ್ನು ನಡುವಿನ ಒಂದು ತಂತಿಯ ಮೇಲೆ ಎಡಕ್ಕೂ ಬಲಕ್ಕೂ ವಾಲುವ ಹಾಗೆ ಬಿಟ್ಟೆ. ಮೂರು ಕಾಲಿನ ಪೀಠ ಎಂಥ ನೆಲದಲ್ಲೂ ಅಲ್ಲಾಡದೆ ಕೂರುತ್ತದಲ್ವಾ, ಹಾಗೇ ಇದೂ. ಒಂದು ಹಳಿಯ ಕೆಳಗೆ ಪೋಸ್ಟ್‌ಕಾರ್ಡ್ ತುಂಡು ತೂರಿಸಿ ತಳ್ಳಿದೆ. ನಾಲ್ಕೂ ಚಕ್ರ ಹಳಿ ಕಚ್ಚಿಕೊಂಡೇ ದಾಟಿದವು.

ತೂಕಕ್ಕೆ ಅಮೆರಿಕದ ಮಾಡೆಲ್ ರೈಲು ಮಾಡುವವರ ಎನ್‌ಎಂಆರ್‌ಎ ಸಂಘದ ಲೆಕ್ಕ ಹಿಡಿದೆ: ಮೊದಲಿಗೆ 28 ಗ್ರಾಂ, ಮೇಲೆ ಉದ್ದದ ಪ್ರತಿ ಇಂಚಿಗೆ 14 ಗ್ರಾಂ. 70 ಮಿಲಿಮೀಟರಿನ ಈ ಡಬ್ಬಿಗೆ 66 ಗ್ರಾಂ ಹತ್ತಿರ ಬೇಕು. ಕಾರಿನ ಚಕ್ರಕ್ಕೆ ಬ್ಯಾಲೆನ್ಸಿಂಗ್ ಮಾಡುವಾಗ ಅಂಟಿಸುವ 5 ಗ್ರಾಂ ತುಂಡುಗಳು ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ.

ಸಂಜೆ ಮಾವ ಬಂದರು. ಕನ್ನಡಕ ಏರಿಸಿ, ಮೊದಲು ಹುಡುಕಿದ್ದೇ ಲೇಬಲ್ ಕ್ಲಿಪ್ಪನ್ನು, ಅಂದರೆ ಡಬ್ಬಿ ಎಲ್ಲಿಗೆ ಹೋಗಬೇಕು ಅಂತ ಬರೆದ ಚೀಟಿ ಸಿಗಿಸುವ ಕ್ಲಿಪ್ಪನ್ನು.

"ಲೇಬಲ್ ಎಲ್ಲಪ್ಪಾ? ರಾತ್ರಿ ಹೊತ್ತು ಲ್ಯಾಂಪ್ ಹಿಡ್ಕೊಂಡು ನಾವು ನೋಡ್ತಿದ್ದಿದ್ದೇ ಅದನ್ನ. ಸೀಲು, ಲೇಬಲ್ಲು."

"ಅದನ್ನ ಕೊನೇಲಿ ಹಾಕ್ತೀನಿ ಮಾವ. ಎಲ್ಲಿಗೆ ಅಂತ ಬರೀಲಿ?"

"ಮಂಗಳೂರು ಅಂತ ಹಾಕು. ಘಾಟಿ ಇಳೀಲಿ."

ನಿಜವಾದ 6 ಇಂಚಿನ ಲೇಬಲ್ ಇಲ್ಲಿ ಎರಡು ಮಿಲಿಮೀಟರೂ ಬರುವುದಿಲ್ಲ. ಆದರೂ ಅಕ್ಷರ ಇರಲೇಬೇಕು ಅಂತ ಮಾವ, ನನ್ನದೂ ಅದೇ ಅಭಿಪ್ರಾಯ. ಗೋಡೆಯ ಮೇಲೆ ಎಸ್‌ಆರ್ (ಸದರ್ನ್ ರೈಲ್ವೆ, ಅಂದರೆ ದಕ್ಷಿಣ ರೈಲ್ವೆ) ಅಂತ ಬರುತ್ತದೆ. ನೈಋತ್ಯ ರೈಲ್ವೆ ಆಗಿದ್ದು 2003ರಲ್ಲಿ, ನನ್ನ ಡಬ್ಬಿ ಅದಕ್ಕೂ ಹಿಂದಿನ ದಕ್ಷಿಣ ರೈಲ್ವೆಯದು.

ಬಿಸಿಲು ಬಂದ ದಿನ ರೆಡ್ ಆಕ್ಸೈಡ್ ಬಣ್ಣ, ಟರ್ಪೆಂಟೈನ್‌ನಲ್ಲಿ ತೆಳುವಾಗಿ ಕಲಸಿ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಮುಟ್ಟಿಸಿದರೆ ಸ್ಟೈರೀನ್ ಕರಗಿ ರಿವೆಟ್ಟೆಲ್ಲ ಹೋಗುತ್ತವೆ. ಅಷ್ಟರೊಳಗೆ ವ್ಯಾಕ್ಯೂಮ್ ಬ್ರೇಕಿನ ಪೈಪು ಬಗ್ಗಿಸಿ ಇಟ್ಟುಕೊಳ್ಳುತ್ತೇನೆ.