ಸೈನ್ಯಗಳು ಒಂದಾದರೂ ಸಾಹೇಲ್‌ನಲ್ಲಿ ಯಾಕೆ ಸೋಲುತ್ತಿವೆ?

ಪಶ್ಚಿಮ ಆಫ್ರಿಕಾದ ಸಾಹೇಲ್, ಅಂದರೆ ಸಹಾರಾ ಮರುಭೂಮಿಯ ದಕ್ಷಿಣದ ಒಣ ಪಟ್ಟಿಯ ಬಗ್ಗೆ ಬರೆದಾಗೆಲ್ಲ ಯಾರಾದರೊಬ್ಬರು ಕೇಳ್ತಾರೆ: ಮಾಲಿ, ಬುರ್ಕಿನಾ ಫಾಸೊ, ನೈಜರ್ ಮೂರೂ ಕಡೆ ಈಗ ಸೈನ್ಯದ್ದೇ ಸರ್ಕಾರ, ಮೂವರಿಗೂ ಶತ್ರುಗಳು ಅದೇ ಜಿಹಾದಿ ಉಗ್ರರು, ಆದರೂ ಅವರನ್ನು ತಡೆಯೋಕೆ ಯಾಕೆ ಆಗ್ತಿಲ್ಲ?

ನನ್ನ ಉತ್ತರ ಇಷ್ಟು. ಅಲ್ಲಿ ಗಡಿ ತಡೆಯುವುದು ಸೈನಿಕರನ್ನು ಮಾತ್ರ.

ಮೂರು ದೇಶ ಕೂಡುವ ಲಿಪ್ಟಾಕೊ-ಗೌರ್ಮಾ ಸೀಮೆಯಲ್ಲಿ ದನ ಮೇಯಿಸುವ ಫುಲಾನಿಗಳ ಬಂಧುಬಳಗ ಗಡಿಯ ಎರಡೂ ಕಡೆ ಇದೆ. ಅವರು ನಡೆದಾಡುವ ದಾರಿಗಳಲ್ಲೇ ಉಗ್ರರೂ ಬೈಕ್‌ನಲ್ಲಿ ಓಡಾಡುತ್ತಾರೆ. ಮಧ್ಯ ಮಾಲಿಯ ಬೋಧಕ ಅಮಾದು ಕೂಫಾನ ಒಡನಾಟದಲ್ಲಿದ್ದ ಮಾಲಮ್ ಡಿಕೊ ಬುರ್ಕಿನಾದಲ್ಲಿ ತನ್ನದೇ ಗುಂಪು ಕಟ್ಟಿದ. 2016ರ ಡಿಸೆಂಬರ್‌ನಲ್ಲಿ ನಸ್ಸುಂಬುವಿನ ಸೇನಾ ಠಾಣೆಯಲ್ಲಿ 12 ಸೈನಿಕರನ್ನು ಆ ಗುಂಪು ಕೊಂದಿತು. ಮೂರು ತಿಂಗಳಲ್ಲಿ ಕೂಫಾನದೂ ಸೇರಿ ನಾಲ್ಕು ಗುಂಪುಗಳು ಮಾಲಿಯ ಉಗ್ರ ನಾಯಕ ಇಯಾದ್ ಅಗ್ ಘಾಲಿಯ ಕೆಳಗೆ ಒಂದಾಗಿ, ಅಲ್ ಖೈದಾ ಜೊತೆಗಿರುವ ಜೆಎನ್‌ಐಎಂ ಎಂಬ ಕೂಟವಾಯಿತು. ಚಿನ್ನದ ಗುಂಡಿಗಳು, ದನಗಳ ಮೇಲಿನ ವಸೂಲಿ, ಒತ್ತೆಹಣ, ಇವುಗಳಿಂದ ದುಡ್ಡು ಬರುತ್ತದೆ. ಇಸ್ಲಾಮಿಕ್ ಸ್ಟೇಟ್‌ನ ಸಾಹೇಲ್ ಗುಂಪಿನ ಜೊತೆಗೂ ಕೆಲ ವರ್ಷ ಹೊಂದಾಣಿಕೆ ಇತ್ತು, 2020ರ ಹೊತ್ತಿಗೆ ಅದು ಮುರಿದು ಇಬ್ಬರೂ ಬಡಿದಾಡಿಕೊಂಡರು. ಅದರ ಏಟು ಬಿದ್ದಿದ್ದು ಹಳ್ಳಿಗಳಿಗೇ.

ಸರ್ಕಾರಗಳ ಕಥೆ ಉಲ್ಟಾ. 2014ರಲ್ಲಿ ಐದು ದೇಶ ಸೇರಿ ಜಿ-5 ಸಾಹೇಲ್ ಕಟ್ಟಿದವು. ಅದರ ಜಂಟಿ ಪಡೆಯ ಕೇಂದ್ರದ ಮೇಲೇ 2018ರಲ್ಲಿ ದಾಳಿಯಾಯಿತು. 2022ರಲ್ಲಿ ಮಾಲಿ ಹೊರಬಂತು, ಮರುವರ್ಷ ಬುರ್ಕಿನಾ, ನೈಜರ್ ಕೂಡ ಬಿಟ್ಟವು. ಈಗ ಮೂವರದೇ ಬೇರೆ ಕೂಟ ಇದೆ, ಆದರೆ ದಕ್ಷಿಣದ ನೆರೆಹೊರೆಯವರ ಜೊತೆ ಮುನಿಸು. ನನಗೆ ಜಾಸ್ತಿ ಭಯ ಇರುವುದು ಇದರದ್ದೇ. 2023ರಲ್ಲಿ ನೈಜರ್‌ನಲ್ಲಿ ಸೈನ್ಯ ಅಧಿಕಾರ ಕಿತ್ತುಕೊಂಡ ನಂತರ ಆ ದೇಶಕ್ಕೂ ದಕ್ಷಿಣದ ಬೆನಿನ್‌ಗೂ ನಡುವೆ ಮಾತು ಕೆಟ್ಟಿತು, ಅಷ್ಟರಲ್ಲಿ ಉಗ್ರರು ಬುರ್ಕಿನಾ, ನೈಜರ್, ಬೆನಿನ್ ಮೂರಕ್ಕೂ ಹಬ್ಬಿದ ಡಬ್ಲ್ಯು ಅಭಯಾರಣ್ಯದಲ್ಲಿ ನೆಲೆಯೂರಿದರು. 2025ರ ಏಪ್ರಿಲ್‌ನಲ್ಲಿ ಅಲ್ಲಿ ಬೆನಿನ್‌ನ 54 ಸೈನಿಕರು ಸತ್ತರೆಂದು ಅಲ್ಲಿನ ಸರ್ಕಾರವೇ ಹೇಳಿತು.

ಇನ್ನೊಂದು ಮಾತು ಹೇಳಲೇಬೇಕು. 2022ರಲ್ಲಿ ಮಾಲಿಯ ಮೌರಾದಲ್ಲಿ ಸೈನ್ಯ ಮತ್ತು ವಿದೇಶಿ ಸಶಸ್ತ್ರ ಸಿಬ್ಬಂದಿ ಸೇರಿ ಕನಿಷ್ಠ 500 ಜನರನ್ನು ಕೊಂದರು ಎನ್ನುತ್ತದೆ ವಿಶ್ವಸಂಸ್ಥೆಯ ವರದಿ. ಹೀಗೆ ಅಪ್ಪ, ಅಣ್ಣನನ್ನು ಕಳೆದುಕೊಂಡ ಹುಡುಗ ಸೈನ್ಯಕ್ಕೆ ಸುಳಿವು ಕೊಡ್ತಾನಾ? ಸೈನ್ಯಗಳು ಎಷ್ಟೇ ಒಪ್ಪಂದ ಮಾಡಿಕೊಳ್ಳಲಿ, ಹಳ್ಳಿಯವರು ಬಾಯಿ ಬಿಡದಿದ್ದರೆ ಕುರುಡಾಗಿಯೇ ಹುಡುಕಬೇಕು.

ನಮಗೇನು ಸಂಬಂಧ ಅಂತಲೂ ಕೆಲವರು ಕೇಳ್ತಾರೆ. 2025ರ ಜುಲೈ 1ರಂದು ಪಶ್ಚಿಮ ಮಾಲಿಯ ಕಾಯೆಸ್‌ನ ಸಿಮೆಂಟ್ ಕಾರ್ಖಾನೆಯಿಂದ ಮೂವರು ಭಾರತೀಯರನ್ನು ಹೊತ್ತೊಯ್ದರು. ಆ ಊರು ಮೂರು ದೇಶದ ಆ ಗಡಿಸೀಮೆಯಿಂದ ಬಹಳ ದೂರ, ಸೆನೆಗಲ್ ಪಕ್ಕದಲ್ಲಿ. ಅದೇ ದಿನ ಆ ಭಾಗದ ಹಲವು ಊರುಗಳ ಮೇಲೆ ದಾಳಿ ಮಾಡಿದ್ದು ತಾನೇ ಎಂದು ಜೆಎನ್‌ಐಎಂ ಹೇಳಿಕೊಂಡಿತು. ನಿಮ್ಮ ಮನೆಯವರು ಯಾರಾದರೂ ಆ ಕಡೆ ಕೆಲಸಕ್ಕೆ ಹೊರಟಿದ್ದರೆ ಸಂಬಳ ಮಾತ್ರ ಕೇಳಬೇಡಿ. ಯಾವ ಊರು, ಗಡಿಯಿಂದ ಎಷ್ಟು ದೂರ, ರಾತ್ರಿ ಕಾವಲು ಯಾರದ್ದು ಅಂತ ಕೇಳಿ, ಹೋದ ತಕ್ಷಣ ನಮ್ಮ ರಾಯಭಾರ ಕಚೇರಿಯಲ್ಲಿ ಹೆಸರು ಬರೆಸೋಕೆ ಹೇಳಿ.