ಬೋಣಿಯ ರಶೀದಿ

ಬೆಳಗ್ಗೆ ಆರು ಕಳೆದು ಎರಡು ಮೂರು ನಿಮಿಷಕ್ಕೆ ಹಾಲಿನ ಸಂಘದ ಕಾರ್ಯದರ್ಶಿಯವರ ಫೋನ್ ಬಂತೆಂದರೆ ವಿಷಯ ಏನೆಂದು ಕೇಳಬೇಕಾಗಿರಲಿಲ್ಲ. “ಇವತ್ತೂ ಮೊದಲನೆಯದು ಹೋಗಲಿಲ್ಲ ಮಾರಾಯರೇ” ಎನ್ನುತ್ತಿದ್ದರು. “ಇನ್ನೊಮ್ಮೆ ಒತ್ತಿ ನೋಡಿ” ಎನ್ನುತ್ತಿದ್ದೆ. ಒತ್ತಿದರೆ ಹೋಗುತ್ತಿತ್ತು. ಆಮೇಲೆ ಸಾಲಿನಲ್ಲಿ ನಿಂತ ಅಷ್ಟೂ ಮಂದಿಯ ಹಾಲಿಗೆ ರಶೀದಿ ಸಲೀಸಾಗಿ ಬರುತ್ತಿತ್ತು. ಮಧ್ಯಾಹ್ನದ ಪಾಳಿಯಲ್ಲಿ ತಕರಾರೇ ಇಲ್ಲ. ದಿನಕ್ಕೆ ಒಂದೇ ಒಂದು ರಶೀದಿ, ಅದೂ ಬೋಣಿಯದ್ದೇ.

ನಾನಿರುವುದು ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ. ಮನೆಯ ಮಾಳಿಗೆಯಲ್ಲಿ ಕುಳಿತು ಸಣ್ಣಪುಟ್ಟ ಸಂಸ್ಥೆಗಳಿಗೆ ತಂತ್ರಾಂಶ ಬರೆದುಕೊಡುವುದು ಹೊಟ್ಟೆಪಾಡು. 2022ರ ಆರಂಭದಲ್ಲಿ ಪೆರ್ಲದ ಕಡೆಯ ಒಂದು ಹಾಲು ಉತ್ಪಾದಕರ ಸಂಘ ನನ್ನನ್ನು ಕರೆಸಿತು. ಹಾಲಿನ ಅಳತೆ, ಕೊಬ್ಬಿನ ಅಂಶ, ಕೊಬ್ಬೇತರ ಘನಾಂಶ ಇಷ್ಟನ್ನು ತುಂಬಿದರೆ ದರ ಲೆಕ್ಕ ಹಾಕಿ ಚೀಟಿ ಮುದ್ರಿಸಬೇಕು, ಹತ್ತು ದಿನಕ್ಕೊಮ್ಮೆ ಬಟವಾಡೆ ಪಟ್ಟಿ ಕೊಡಬೇಕು. ಕೆಲಸ ದೊಡ್ಡದಲ್ಲ. ಜಾಲತಾಣ ಕಟ್ಟಲು ಬಳಸುವ ಜ್ಯಾಂಗೋ ಎಂಬ ಸಿದ್ಧ ಚೌಕಟ್ಟಿನ 3.2ನೇ ಆವೃತ್ತಿಯಲ್ಲಿ ಬರೆದೆ. ದತ್ತಾಂಶ ಕೂಡಿಡಲು ಮೈಎಸ್‌ಕ್ಯೂಎಲ್ ಎಂಬ ತಂತ್ರಾಂಶ. ಎರಡೂ ಬಾಡಿಗೆಗೆ ಹಿಡಿದ ಒಂದೇ ಸರ್ವರಿನಲ್ಲಿ. ಆ ಯಂತ್ರ ಎಷ್ಟು ಬಡಕಲಾಗಿತ್ತೆಂದರೆ ಅದರ ಮೇಲೆ ಒಂದೇ ಒಂದು ವರ್ಕರ್, ಅಂದರೆ ಪುಟದ ಕೋರಿಕೆಗಳನ್ನು ಪೂರೈಸುವ ಪ್ರಕ್ರಿಯೆ, ಓಡಿಸುತ್ತಿದ್ದೆ.

ಜ್ಯಾಂಗೋವನ್ನು ಮೈಎಸ್‌ಕ್ಯೂಎಲ್‌ಗೆ ಜೋಡಿಸುವುದು ಸೆಟ್ಟಿಂಗ್ಸ್ ಕಡತದ ಏಳೆಂಟು ಸಾಲುಗಳ ಕೆಲಸ. ದತ್ತಾಂಶದ ಹೆಸರು, ಬಳಕೆದಾರ, ಗುಪ್ತಪದ, ವಿಳಾಸ, 3306 ಎಂಬ ಪೋರ್ಟ್ ಸಂಖ್ಯೆ. ನಮ್ಮ ಊರಿನ ಮಟ್ಟಿಗೆ ಎಚ್ಚರ ಬೇಕಾದದ್ದು ಅಕ್ಷರಗಳ ವಿಷಯದಲ್ಲಿ. ಸದಸ್ಯರ ಹೆಸರು ಕನ್ನಡದಲ್ಲೂ ಇರುತ್ತದೆ, ಮಲಯಾಳದಲ್ಲೂ ಇರುತ್ತದೆ. ಮೈಎಸ್‌ಕ್ಯೂಎಲ್ 8ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಏನನ್ನೂ ಹೇಳದೆ ಬಿಟ್ಟರೆ ಕೋಷ್ಟಕಗಳು ಲ್ಯಾಟಿನ್ ಅಕ್ಷರಗಳಿಗಷ್ಟೇ ಸಿದ್ಧವಾಗುತ್ತಿದ್ದವು. ಕನ್ನಡದ ಹೆಸರು ಬರೆದರೆ ಕೆಲವೊಮ್ಮೆ ಒಳಗೆ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆಗಳು. ಒಮ್ಮೆ ಹಾಗಾಯಿತೆಂದರೆ ಮೂಲ ಹೆಸರನ್ನು ಹಿಂದಕ್ಕೆ ತರುವ ದಾರಿಯಿಲ್ಲ. 8ರಲ್ಲಿ ಎಲ್ಲ ಲಿಪಿಗಳನ್ನೂ ಹಿಡಿಯುವ ಯುಟಿಎಫ್‌8ಎಂಬಿ4 ತಾನಾಗಿಯೇ ಇರುತ್ತದೆ, ಆದರೂ ನಾನು ಅದನ್ನು ಸೆಟ್ಟಿಂಗ್ಸಿನಲ್ಲಿ ಬರೆದೇ ಬಿಡುತ್ತೇನೆ. ಕೊಬ್ಬಿನ ಅಂಶವನ್ನು ದಶಮಾಂಶ ಪ್ರಕಾರದಲ್ಲೇ ಇಟ್ಟೆ. ಅಂದಾಜಿನ ಬೆಲೆಯಷ್ಟೇ ಇಡುವ ಫ್ಲೋಟ್‌ನಲ್ಲಿಟ್ಟರೆ ತಿಂಗಳ ಕೊನೆಗೆ ಪೈಸೆಗಳ ಲೆಕ್ಕ ತಪ್ಪುತ್ತದೆ, ಪೈಸೆ ತಪ್ಪಿದರೆ ಮಹಾಸಭೆಯಲ್ಲಿ ಯಾರಾದರೂ ಎದ್ದು ನಿಲ್ಲುತ್ತಾರೆ.

ಇಷ್ಟೆಲ್ಲ ಎಚ್ಚರ ವಹಿಸಿದವನು ಕೊನೆಯಲ್ಲಿ ಒಂದು ಸಾಲು ಹೆಚ್ಚಿಗೆ ಬರೆದೆ. ಜ್ಯಾಂಗೋ ತನ್ನ ಪಾಡಿಗೆ ಬಿಟ್ಟರೆ ಪುಟ ಕೇಳಿದಾಗಲೆಲ್ಲ ದತ್ತಾಂಶಕ್ಕೆ ಹೊಸ ಸಂಪರ್ಕ ತೆರೆಯುತ್ತದೆ, ಪುಟ ಕೊಟ್ಟು ಮುಗಿದೊಡನೆ ಮುಚ್ಚುತ್ತದೆ. ‘ಕಾನ್ ಮ್ಯಾಕ್ಸ್ ಏಜ್’ ಎಂಬ ಸೆಟ್ಟಿಂಗಿಗೆ ಸಂಖ್ಯೆ ಕೊಟ್ಟರೆ ಅಷ್ಟು ಸೆಕೆಂಡುಗಳ ಕಾಲ ಅದೇ ಸಂಪರ್ಕವನ್ನು ಉಳಿಸಿಕೊಳ್ಳುತ್ತದೆ. ‘ನನ್’ (ಏನೂ ಇಲ್ಲ) ಎಂದು ಕೊಟ್ಟರೆ ಆಯಸ್ಸಿಗೆ ಮಿತಿಯೇ ಇಲ್ಲ. ನಾನು ‘ನನ್’ ಕೊಟ್ಟೆ. ವೇಗ ಹೆಚ್ಚುತ್ತದೆ ಎಂದು ಎಲ್ಲೋ ಓದಿದ್ದೆ. ನಮ್ಮಲ್ಲಿ ಎಷ್ಟು ಹೆಚ್ಚುತ್ತದೆ ಎಂದು ಅಳೆದು ನೋಡಿರಲಿಲ್ಲ.

ಇನ್ನೊಂದು ಬುದ್ಧಿವಂತಿಕೆಯನ್ನೂ ಮಾಡಿದ್ದೆ. ಒಳಗೆ ಏನೇ ಎಡವಟ್ಟಾದರೂ ಪರದೆಯ ಮೇಲೆ ಕನ್ನಡದಲ್ಲೂ ಮಲಯಾಳದಲ್ಲೂ “ದಯವಿಟ್ಟು ಇನ್ನೊಮ್ಮೆ ಪ್ರಯತ್ನಿಸಿ” ಎಂದು ತೋರಿಸುವ ಚೆಂದದ ಪುಟ. ದೋಷದ ವಿವರವನ್ನು ಪರದೆಗೇ ತರುವ ಡಿಬಗ್ ಮುಚ್ಚಿದ ಮೇಲೆ ಇಂಥ ದೋಷಗಳನ್ನು ಜ್ಯಾಂಗೋ ನಿರ್ವಾಹಕರ ಇಮೇಲಿಗೆ ಕಳುಹಿಸುತ್ತದೆ. ನಿರ್ವಾಹಕರ ಪಟ್ಟಿಯಲ್ಲಿ ನಾನು ಯಾರ ವಿಳಾಸವನ್ನೂ ಬರೆದಿರಲಿಲ್ಲ, ದೋಷಗಳನ್ನು ಬರೆದಿಡುವ ಲಾಗ್ ಕಡತಕ್ಕೂ ವ್ಯವಸ್ಥೆ ಮಾಡಿರಲಿಲ್ಲ. ಹಾಗಾಗಿ ನಿಜವಾದ ದೋಷ ಯಾರ ಕಣ್ಣಿಗೂ ಬೀಳದೆ ಹೋಗುತ್ತಿತ್ತು, ನಯವಾದ ವಿನಂತಿಯಷ್ಟೇ ಕಾರ್ಯದರ್ಶಿಯವರ ಎದುರಿಗಿರುತ್ತಿತ್ತು.

ಮೊದಲ ಅನುಮಾನ ನೆಟ್‌ವರ್ಕ್ ಮೇಲೆ. ನಮ್ಮ ಗುಡ್ಡಗಳ ನಡುವೆ ಅದು ಯಾವಾಗಲೂ ಸುಲಭದ ಆರೋಪಿ. ಆದರೆ ನೆಟ್‌ವರ್ಕ್ ಇಲ್ಲದಿದ್ದರೆ ನನ್ನ ನಯವಾದ ಪುಟವೂ ಬರಬಾರದಲ್ಲ? ಅದು ಹೊಳೆಯಲು ಒಂದು ವಾರ ಬೇಕಾಯಿತು. ಮುಂದಿನ ಅನುಮಾನ ಸರ್ವರಿನ ಕಾರ್ಯಾಚರಣ ವ್ಯವಸ್ಥೆಯಾದ ಉಬುಂಟುವಿನ ಸ್ವಯಂಚಾಲಿತ ಅಪ್‌ಡೇಟ್ ಮೇಲೆ. ಅದು ದಿನಾ ಬೆಳಗ್ಗೆ ಆರರಿಂದ ಏಳರ ನಡುವೆ ಓಡುವಂತೆ ಮೊದಲೇ ಗೊತ್ತುಮಾಡಿರುತ್ತದೆ. ಆರು ಗಂಟೆ! ಕಳ್ಳ ಸಿಕ್ಕಿದ ಎಂದು ಎರಡು ದಿನ ಅದರ ಬೆನ್ನು ಬಿದ್ದೆ. ಕೊನೆಗೆ ನೋಡಿದರೆ ಸರ್ವರಿನ ಗಡಿಯಾರ ಯುಟಿಸಿಯಲ್ಲಿದೆ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿನ ಜಾಗತಿಕ ಸಮಯದಲ್ಲಿ. ಅದರ ಆರು ಗಂಟೆಯೆಂದರೆ ನಮ್ಮ ಹನ್ನೊಂದೂವರೆ, ಆ ಹೊತ್ತಿಗೆ ಸಂಘದ ಬಾಗಿಲಿಗೆ ಬೀಗ.

ನನ್ನನ್ನು ನಿಜಕ್ಕೂ ದಾರಿ ತಪ್ಪಿಸಿದ್ದು ಬೇರೆಯೇ ಸಂಗತಿ. ನಾನು ಏನು ಸರಿಪಡಿಸಿದರೂ ಸರಿಯಾಗುತ್ತಿತ್ತು. ರಾತ್ರಿ ಊಟ ಮುಗಿಸಿ ಹನ್ನೊಂದಕ್ಕೆ ಕುಳಿತು ಯಾವುದೋ ಒಂದನ್ನು ಬದಲಾಯಿಸಿ ಪ್ರೋಗ್ರಾಮನ್ನು ಮತ್ತೆ ಚಾಲೂ ಮಾಡುವೆ, ಎರಡು ಮೂರು ಸುಳ್ಳು ರಶೀದಿ ಹೊಡೆದು ಪರೀಕ್ಷಿಸಿ ಮಲಗುವೆ. ಮರುದಿನ ಬೋಣಿ ಸಲೀಸು. ಕಾರ್ಯದರ್ಶಿಯವರಿಂದ ಶಹಬ್ಬಾಸ್. ನಾನು ಆ ರಾತ್ರಿ ನೆಮ್ಮದಿಯಿಂದ ಬೇಗ ಮಲಗುವೆ. ಅದರ ಮರುದಿನ ಆರು ಗಂಟೆ ಮೂರು ನಿಮಿಷಕ್ಕೆ ಮತ್ತೆ ಫೋನ್. ಹೀಗೆ ನಾಲ್ಕು ಬೇರೆ ಬೇರೆ ಮದ್ದುಗಳು ಒಂದೊಂದು ದಿನ ಕೆಲಸ ಮಾಡಿದವು. ಅವುಗಳಲ್ಲಿ ಒಂದಂತೂ ಬರೀ ಗುಂಡಿಯ ಬಣ್ಣ ಬದಲಾಯಿಸಿದ್ದು.

ಅಷ್ಟರಲ್ಲಿ ಸಂಘದ ಜಗಲಿಯಲ್ಲಿ ಬೇರೊಂದು ವಿವರಣೆ ತಯಾರಾಗಿತ್ತು. ದಿನಾ ಬೋಣಿಗೆ ಬರುವವರು ಒಬ್ಬರು ಅಜ್ಜಿ. ಮನೆಯಲ್ಲಿ ಎರಡು ಕಾಸರಗೋಡು ಗಿಡ್ಡ ಹಸುಗಳು. ಮೇವು ಕಡಿಮೆ, ಹಾಲೂ ಕಡಿಮೆ. ಮನೆಖರ್ಚಿಗೆ ಇಟ್ಟುಕೊಂಡು ಮಿಕ್ಕ ಒಂದೂವರೆ ಲೀಟರಿನಷ್ಟನ್ನು ಅಳೆದು ಆರೂಕಾಲರ ಬಸ್ ಹಿಡಿಯುವುದು ಅವರ ರೂಢಿ. ಅವರ ರಶೀದಿಯೇ ದಿನಾ ತಪ್ಪುತ್ತದೆ ಎಂದ ಮೇಲೆ ಕೈಗುಣದ ಮಾತು ಬರದಿರುತ್ತದೆಯೇ? ಮೊದಲು ತಮಾಷೆಗೆ ಶುರುವಾಯಿತಂತೆ. ಆಮೇಲೆ ಅಜ್ಜಿ ಬಂದು ಜಗಲಿಯಲ್ಲಿ ಕೂರತೊಡಗಿದರು. ಬೇರೆ ಯಾರಾದರೂ ಅಳೆದ ಮೇಲಷ್ಟೇ ಏಳುವುದು. ಬಸ್ ತಪ್ಪಿದರೂ ಸರಿಯೇ. ಆಗ ಮೊದಲು ಅಳೆದವರ ರಶೀದಿ ತಪ್ಪಿತಲ್ಲ, ಅಲ್ಲಿಗಾದರೂ ಮಾತು ನಿಲ್ಲಬೇಕಿತ್ತು. ನಿಲ್ಲಲಿಲ್ಲ. “ಅಜ್ಜಿ ಜಗಲಿಯಲ್ಲಿ ಕೂತಿದ್ದರಲ್ಲ” ಎಂದರಂತೆ. ಇದನ್ನು ಕಾರ್ಯದರ್ಶಿಯವರು ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ಅದುವರೆಗೆ ಈ ದೋಷ ಇನ್ನೊಮ್ಮೆ ಗುಂಡಿ ಒತ್ತುವಷ್ಟರ ತೊಂದರೆ ಎಂದೇ ಎಣಿಸಿದ್ದೆ.

ಏಪ್ರಿಲಿನಲ್ಲಿ ಹತ್ತಿರದ ದೈವಸ್ಥಾನದಲ್ಲಿ ನೇಮ ಇತ್ತು. ಊರಿಗೆ ಊರೇ ಅಲ್ಲಿ. ಮೂರಕ್ಕೆ ಶುರುವಾಗಬೇಕಿದ್ದ ಮಧ್ಯಾಹ್ನದ ಪಾಳಿಯನ್ನು ಕಾರ್ಯದರ್ಶಿಯವರು ನಾಲ್ಕೂವರೆಗೆ ಮುಂದೂಡಿದ್ದರು. ನಾಲ್ಕು ಮೂವತ್ತೆರಡಕ್ಕೆ ನನ್ನ ಫೋನ್ ಹೊಡೆದುಕೊಂಡಿತು. ಮಧ್ಯಾಹ್ನದ ಮೊದಲ ರಶೀದಿ ತಪ್ಪಿದ್ದು ಅದೇ ಮೊದಲು. ಅಜ್ಜಿ ಮಧ್ಯಾಹ್ನ ಹಾಲು ತರುವವರೇ ಅಲ್ಲ.

ಅಡಿಕೆ ಲೆಕ್ಕದ ಹಳೆಯ ಪುಸ್ತಕದ ಹಿಂದಿನ ಪುಟದಲ್ಲಿ ಗಂಟೆಗಳನ್ನು ಬರೆದೆ. ಬೆಳಗಿನ ಪಾಳಿ ಎಂಟಕ್ಕೆ ಮುಗಿಯುತ್ತದೆ. ಎಂಟರಿಂದ ಮೂರು, ಏಳು ಗಂಟೆ: ತೊಂದರೆಯಿಲ್ಲ. ಸಂಜೆ ಐದರಿಂದ ಬೆಳಗ್ಗೆ ಆರು, ಹದಿಮೂರು ಗಂಟೆ: ತೊಂದರೆ. ನೇಮದ ದಿನ ಎಂಟರಿಂದ ನಾಲ್ಕೂವರೆ, ಎಂಟೂವರೆ ಗಂಟೆ: ತೊಂದರೆ. ನಾನು ನಿದ್ದೆಗೆಟ್ಟ ರಾತ್ರಿಗಳಲ್ಲಿ ಹನ್ನೊಂದರಿಂದ ಆರು, ಏಳು ಗಂಟೆ: ತೊಂದರೆಯಿಲ್ಲ. ಗೆರೆ ಏಳಕ್ಕೂ ಎಂಟೂವರೆಗೂ ನಡುವೆ ಎಲ್ಲೋ ಇತ್ತು. ನನ್ನ ನಾಲ್ಕು ಮದ್ದುಗಳ ರಹಸ್ಯವೂ ಅಲ್ಲೇ ಬಯಲಾಯಿತು. ಗುಣಪಡಿಸುತ್ತಿದ್ದದ್ದು ಮದ್ದಲ್ಲ, ನಡುರಾತ್ರಿ ಹೋಗಿ ರೋಗಿಯನ್ನು ಅಲುಗಾಡಿಸಿ ಎಬ್ಬಿಸಿ ಬರುತ್ತಿದ್ದ ನನ್ನ ಕೈ.

ಆಮೇಲಷ್ಟೇ ಲಾಗ್ ವ್ಯವಸ್ಥೆ ಮಾಡಿದೆ. ಮರುದಿನ ಬೆಳಗ್ಗೆ ಸಿಕ್ಕಿದ ದೋಷದ ಸಂಖ್ಯೆ 4031. ಬಹಳ ಹೊತ್ತು ಕೆಲಸವಿಲ್ಲದೆ ಸುಮ್ಮನಿದ್ದ ಕಾರಣ ಸರ್ವರ್ ಈ ಸಂಪರ್ಕವನ್ನು ಕಡಿದಿದೆ, ‘ವೇಟ್ ಟೈಮೌಟ್’ ಎಂಬ ಸೆಟ್ಟಿಂಗನ್ನು ನೋಡಿ ಎಂದು ಮೈಎಸ್‌ಕ್ಯೂಎಲ್ ಬಿಡಿಸಿ ಬಿಡಿಸಿ ಹೇಳಿತ್ತು. ಹಳೆಯ ಆವೃತ್ತಿಗಳಲ್ಲಿ ಇದೇ ದೋಷ 2006 ಎಂಬ ಸಂಖ್ಯೆಯಲ್ಲಿ, ಸರ್ವರ್ ಹೊರಟುಹೋಗಿದೆ ಎಂಬಷ್ಟೇ ಮಾತಿನಲ್ಲಿ ಬರುತ್ತಿತ್ತು. 8.0.24ರಿಂದ ಈಚೆಗೆ ಕಾರಣವನ್ನೂ ಮದ್ದಿನ ಹೆಸರನ್ನೂ ಅದೇ ಹೇಳುತ್ತದೆ. ಎರಡು ತಿಂಗಳು ದಿನಾ ಬೆಳಗ್ಗೆ ಅದು ಹೇಳುತ್ತಲೇ ಇತ್ತು. ನಾನು ಅದರ ಬಾಯಿಗೆ ನಯವಾದ ಬಟ್ಟೆ ಕಟ್ಟಿದ್ದೆ.

ವೇಟ್ ಟೈಮೌಟಿನ ಮೂಲ ಬೆಲೆ 28800 ಸೆಕೆಂಡು, ಅಂದರೆ ಸರಿಯಾಗಿ ಎಂಟು ಗಂಟೆ. ಕಾರ್ಯದರ್ಶಿಯವರಿಗೆ ಹಳೆಯ ಟ್ರಂಕ್ ಕಾಲ್‌ನ ಹೋಲಿಕೆ ಕೊಟ್ಟು ವಿವರಿಸಿದೆ. ಆ ಕಡೆಯವನು ಎಂಟು ಗಂಟೆ ಕಾದು ಫೋನ್ ಇಟ್ಟಿದ್ದಾನೆ. ಈ ಕಡೆಯವನು ರಿಸೀವರನ್ನು ಕಿವಿಗೆ ಹಿಡಿದೇ ನಿದ್ದೆ ಹೋಗಿದ್ದಾನೆ. ಬೆಳಗ್ಗೆ ಎದ್ದು ‘ಒಂದೂವರೆ ಲೀಟರ್’ ಎನ್ನುವಾಗಲೇ ಆ ಕಡೆ ಯಾರೂ ಇಲ್ಲವೆಂದು ಅವನಿಗೆ ತಿಳಿಯುವುದು. ಆಗ ಜ್ಯಾಂಗೋ ಕೆಟ್ಟ ಸಂಪರ್ಕವನ್ನು ಎಸೆಯುತ್ತದೆ, ಹಾಗಾಗಿ ಎರಡನೆಯ ಸಲ ಒತ್ತಿದರೆ ಹೊಸ ಸಂಪರ್ಕ ತೆರೆದು ಕೆಲಸ ಆಗುತ್ತದೆ. ನಮ್ಮಲ್ಲಿ ಒಂದೇ ವರ್ಕರ್ ಇದ್ದುದರಿಂದ ಒಂದೇ ರಶೀದಿ ತಪ್ಪುತ್ತಿತ್ತು. ಮೂರಿದ್ದಿದ್ದರೆ ಒಂದೊಂದರ ಪಾಲಿಗೂ ಒಂದೊಂದು ತಪ್ಪುತ್ತಿತ್ತು, ಅದೂ ಕ್ರಮವಿಲ್ಲದೆ. ಆಗ ಕೈಗುಣದ ಆರೋಪ ಯಾರ ಯಾರ ಮೇಲೆ ಬರುತ್ತಿತ್ತೋ.

ಖಚಿತಪಡಿಸಿಕೊಳ್ಳದೆ ಈ ಸಲ ಕೈ ಹಾಕಬಾರದೆಂದು ನನ್ನ ಲ್ಯಾಪ್‌ಟಾಪಿನ ಪ್ರತಿಯಲ್ಲಿ ಆ ಎಂಟು ಗಂಟೆಯನ್ನು ಅರುವತ್ತು ಸೆಕೆಂಡಿಗೆ ಇಳಿಸಿದೆ. ಪ್ರೋಗ್ರಾಮನ್ನು ಮತ್ತೆ ಚಾಲೂ ಮಾಡಿ, ಒಂದು ರಶೀದಿ ಹೊಡೆದು, ಕೆಳಗೆ ಹೋಗಿ ಒಂದು ಲೋಟ ಚಹಾ ಕುಡಿದು ಬಂದು ಒತ್ತಿದೆ. ತಪ್ಪಿತು. ಮತ್ತೆ ಒತ್ತಿದೆ, ಹೋಯಿತು. ಎರಡು ತಿಂಗಳ ದೋಷ ಎರಡು ನಿಮಿಷದಲ್ಲಿ ಬೇಕೆಂದಾಗ ಬರತೊಡಗಿತು.

ಮದ್ದಿಗೆ ಮೂರು ನಾಲ್ಕು ದಾರಿಗಳಿದ್ದವು. ಟೈಮೌಟನ್ನು ಒಂದು ದಿನಕ್ಕೆ ಏರಿಸಬಹುದಿತ್ತು, ಆದರೆ ಮೈಎಸ್‌ಕ್ಯೂಎಲ್ ಒಮ್ಮೆ ಬಂದ್ ಆಗಿ ಶುರುವಾದರೂ ಅದೇ ಕತೆ. ಗಂಟೆಗೊಮ್ಮೆ ತಾನೇ ಪುಟ ತೆರೆಯುವ ವ್ಯವಸ್ಥೆ ಮಾಡು ಎಂದು ಮಂಗಳೂರಿನ ಗೆಳೆಯನೊಬ್ಬ ಹೇಳಿದ; ಅದು ನನ್ನ ರಾತ್ರಿಯ ಕೆಲಸವನ್ನೇ ಯಂತ್ರಕ್ಕೆ ವಹಿಸಿದ ಹಾಗೆ. ಸಂಪರ್ಕದ ಆಯಸ್ಸನ್ನು ಐದು ಹತ್ತು ನಿಮಿಷಕ್ಕೆ ಮಿತಿಗೊಳಿಸಿದರೂ ಸಾಕಿತ್ತು. ಅದಕ್ಕೂ ಮುಂಚೆ ಮೊದಲ ದಿನವೇ ಮಾಡಬೇಕಿದ್ದುದನ್ನು ಮಾಡಿದೆ: ಅಳೆದು ನೋಡಿದೆ. ಎರಡೂ ಒಂದೇ ಯಂತ್ರದಲ್ಲಿರುವಾಗ ಹೊಸ ಸಂಪರ್ಕ ತೆರೆಯಲು ಬೇಕಾಗುವುದು ಕೆಲವೇ ಮಿಲಿಸೆಕೆಂಡು. ಕೊಬ್ಬು ಪರೀಕ್ಷೆಯ ಯಂತ್ರ ಅಂಕಿ ತೋರಿಸಲು ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ನಾನು ಯಾರಿಗಾಗಿ ವೇಗ ಹೆಚ್ಚಿಸಿದ್ದೆನೋ ಅವರು ಹೇಗೂ ಅಲ್ಲಿ ಕ್ಯಾನ್ ಹಿಡಿದು ನಿಂತೇ ಇರುತ್ತಿದ್ದರು. ಆ ಸಾಲನ್ನೇ ಅಳಿಸಿಹಾಕಿದೆ.

ದತ್ತಾಂಶ ದೂರದ ಯಂತ್ರದಲ್ಲಿದ್ದು ಬಳಕೆದಾರರೂ ಬಹಳ ಇದ್ದರೆ ಸಂಪರ್ಕ ಉಳಿಸಿಕೊಳ್ಳುವುದರಿಂದ ಲಾಭವಿದೆ. ಅದೇ ವರ್ಷದ ಆಗಸ್ಟಿನಲ್ಲಿ ಬಂದ ಜ್ಯಾಂಗೋ 4.1ರಲ್ಲಿ ‘ಕಾನ್ ಹೆಲ್ತ್ ಚೆಕ್ಸ್’ ಎಂಬ ಸೆಟ್ಟಿಂಗ್ ಸೇರಿತು. ಉಳಿಸಿಕೊಂಡ ಸಂಪರ್ಕವನ್ನು ಮತ್ತೆ ಬಳಸುವ ಮುನ್ನ ಜೀವವಿದೆಯೇ ಎಂದು ಅದು ತಟ್ಟಿ ನೋಡುತ್ತದೆ. ಆಮೇಲೆ ಇನ್ನೊಂದು ಕಡೆ ಅದನ್ನು ಬಳಸಿದ್ದೇನೆ, ಫೋನ್ ಬಂದಿಲ್ಲ.

ಸಾಲು ಅಳಿಸಿ ಒಂದು ವಾರವಾದರೂ ಅಜ್ಜಿ ಜಗಲಿ ಬಿಡಲಿಲ್ಲ ಎಂದು ಕಾರ್ಯದರ್ಶಿಯವರು ಹೇಳಿದರು. ಒಂದು ದಿನ ಕತ್ತಲೆಯಲ್ಲೇ ಸ್ಕೂಟರ್ ತೆಗೆದುಕೊಂಡು ನಾನೇ ಹೋದೆ. ಅವರನ್ನು ಕರೆದು ಮೊದಲು ಅಳೆಯಿರಿ ಎಂದೆ. ಅವರು ಕಾರ್ಯದರ್ಶಿಯವರ ಮುಖ ನೋಡಿದರು, ಹಿಂದೆ ನಿಂತವರ ಮುಖ ನೋಡಿದರು, ಆಮೇಲೆ ಎದ್ದರು. ಒಂದು ಲೀಟರ್ ಆರುನೂರು ಮಿಲಿ. ರಶೀದಿ ಒಂದೇ ಸಲಕ್ಕೆ ಬಂತು. ಅದನ್ನು ಮಡಚಿ ಎಲೆಯಡಿಕೆಯ ಸಂಚಿಗೆ ಹಾಕುತ್ತಾ, “ಯಂತ್ರದ ತಪ್ಪೋ?” ಎಂದು ಕೇಳಿದರು.

“ಅಲ್ಲ ಅಜ್ಜಿ, ನನ್ನದು” ಎಂದೆ.

“ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ?” ಎಂದವರು ಉತ್ತರಕ್ಕೆ ಕಾಯಲಿಲ್ಲ. ಆರೂಕಾಲರ ಬಸ್ ತಿರುವಿನಲ್ಲಿ ಹಾರ್ನ್ ಹೊಡೆಯುತ್ತಿತ್ತು.